ಷರಾ

ಮೊದಲ ದಿನವೇ ಹೇಳಿದ್ದರು ಲಲಿತಾಂಬ ಮೇಡಂ:
ರಬ್ಬರು ಬೇಡ, ವೈಟ್ನರ್ ಬೇಡ,
ತಪ್ಪಿದರೆ ಮೇಲೊಂದು ಗೆರೆ ಎಳೆಯಿರಿ, ಒಂದೇ ಗೆರೆ,
ಕೆಳಗಿನ ತಪ್ಪು ಓದುವಂತಿರಲಿ.

ಶಿಡ್ಲಘಟ್ಟದಲ್ಲಿ ಹುಟ್ಟಿ ಇಪ್ಪತ್ತು ವರ್ಷವಾದರೂ
ರೇಷ್ಮೆ ಹುಳು ಮುಟ್ಟಿದವಳಲ್ಲ ನಾನು.
ನಮ್ಮದು ಬಸ್ ಸ್ಟ್ಯಾಂಡಿನೆದುರು ಬೀಗ ರಿಪೇರಿ ಅಂಗಡಿ,
ಗೂಡಿನ ಮಾರ್ಕೆಟ್ಟು ಅಂದರೆ
ದುಪಟ್ಟಾದಲ್ಲಿ ಮೂಗು ಮುಚ್ಚಿ ದಾಟುವ ರಸ್ತೆ.

ಮುನಿನಾರಾಯಣನ ಮನೆಯಲ್ಲಿ ಹುಳು ಸಾಕುತ್ತಾರೆ,
ತಸ್ಕೀನಳ ಮನೆಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಾರೆ.
ಅವನಲ್ಲಿ ಮುಗಿದದ್ದು ಇವಳಲ್ಲಿ ಶುರು.
ಇಬ್ಬರೂ ಮೊದಲು ಮಾತಾಡಿದ್ದು ಮಾತ್ರ
ಫೈನಲ್ ಇಯರಿನ ಝೂವಾಲಜಿ ಲ್ಯಾಬಿನಲ್ಲಿ.

ಪ್ರಶ್ನೆ ಸಣ್ಣದು:
ಕೆರೆನೀರು ಕುಡಿದ ಸೊಪ್ಪು, ಬೋರಿನ ನೀರು ಕುಡಿದ ಸೊಪ್ಪು,
ಗೂಡಿನ ತೂಕದಲ್ಲಿ ವ್ಯತ್ಯಾಸ ಉಂಟೆ?
ಆರು ತಟ್ಟೆ. ತಟ್ಟೆಗೆ ಐವತ್ತು ಹುಳು.

'ಜ್ವರಕ್ಕೆ ಕೂತಿವೆ, ಸೊಪ್ಪು ಹಾಕಬೇಡ' ಎಂದ ಮುನಿನಾರಾಯಣ.
ಹೆದರಿ ಮೇಡಂಗೆ ಫೋನ್ ಮಾಡಿದೆ, ಔಷಧಿ ಏನು ಅಂತ.
ಅವರು ನಗಲಿಲ್ಲ. ಪೊರೆ ಬಿಡುವುದು ಕಣಮ್ಮ, ಎಕ್ಡೈಸಿಸ್, ಅಂದರು.
ತಲೆಯೆತ್ತಿ ಅಲ್ಲಾಡದೆ ಮುನ್ನೂರು ಹುಳು.
ಅಷ್ಟು ಗಪ್‌ಚುಪ್ಪಾದ ಕ್ಲಾಸು ನಾನು ನೋಡಿರಲಿಲ್ಲ.
ರೆಕಾರ್ಡಿನಲ್ಲಿ ಎರಡೂ ಪದ ಬರೆದೆ,
ಮೊದಲು ಅವನದು.

ಎಳೆಯ ಉದ್ದ ಅಳೆಯುವ ದಿನ
ಬಿಸಿನೀರಿಗೆ ಬೆರಳದ್ದಿ 'ನಲವತ್ತು' ಅಂದಳು ತಸ್ಕೀನ್.
ಥರ್ಮಾಮೀಟರ್ ನಲವತ್ತಮೂರು ಅಂದಿತು.
ಬೆರಳೇ ಗೆಲ್ಲಲಿ ಎಂದು ನನ್ನಾಸೆ,
ಓಡಿಹೋಗಿ ಕೆಮಿಸ್ಟ್ರಿಯಿಂದ ಇನ್ನೊಂದು ತಂದೆ.
ಅದೂ ನಲವತ್ತಮೂರು.
ಅವಳು ಕಣ್ಣು ಮುಚ್ಚಿ ಹತ್ತು ಸಲ ಅದ್ದಿದಳು,
ಒಂದೊಂದು ಸಲ ಒಂದೊಂದು ಬಿಸಿ.
ಹತ್ತೂ ಸಲ ಮೂರು ಕಮ್ಮಿ.
ರೆಕಾರ್ಡಿನ ಮೂಲೆಯಲ್ಲಿ ಬರೆದುಕೊಂಡಳು: ಬೆರಳು + 3.
ಈಗ ಅಬ್ಬಾನ ಬಾಣಲೆ ಮುಂದೆಯೂ
ಮೂರು ಕೂಡಿಸಿಯೇ ಹೇಳುತ್ತಾಳಂತೆ.

ತೂಕಕ್ಕೆ ಫ್ಯಾನು ಆರಿಸಿ, ಕಿಟಕಿ ಹಾಕಿ,
ಮೂವರೂ ಉಸಿರು ಹಿಡಿದು ನಿಲ್ಲಬೇಕು.
ಮೂರನೇ ದಶಾಂಶ ನಡುಗುವುದು ನಿಲ್ಲುವವರೆಗೆ
ನಮ್ಮ ನಡುವೆ ಜಾತಿ ಇಲ್ಲ, ಸೆಕೆ ಇದೆ.

ಕೆರೆನೀರು ಗೆದ್ದಿತು!
ನಾಲ್ಕನೇ ತಟ್ಟೆಯ ಗೂಡು ಎಲ್ಲಕ್ಕಿಂತ ಭಾರ.
ಬೇಕರಿಯಲ್ಲಿ ಒಂದು ದಿಲ್‌ಪಸಂದ್, ಮೂರು ಪಾಲು.
ರಾತ್ರಿ ಹನ್ನೊಂದಕ್ಕೆ ಮುನಿನಾರಾಯಣನ ಫೋನು:
'ನಾಲ್ಕನೇದರ ಜುಂಗು ನಾನು ಬಿಡಿಸಿರಲಿಲ್ಲ.'
ಹಿಂದೆ ಯಾವುದೋ ಹಸು ಕೂಗುತ್ತಿತ್ತು.
ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು, ಅಂದೆ.
'ನಂಗೆ' ಅಂದ.

ಜುಂಗು ಬಿಡಿಸಿ ಮತ್ತೆ ತೂಗಿದೆವು.
ವ್ಯತ್ಯಾಸ ನೊಣದ ಹಾಗೆ ಹಾರಿಹೋಯಿತು.
ನಾನು ಎರಡು ದಿನ ಅವನ ಜೊತೆ ಮಾತು ಬಿಟ್ಟೆ.
ಅದನ್ನೂ ಇಲ್ಲಿ ಬರೆದಿದ್ದೇನೆ.

ಚಿಕ್ಕಬಳ್ಳಾಪುರದಲ್ಲಿ, ಪೋಸ್ಟರಿನ ಮುಂದೆ,
ಟೈ ಕಟ್ಟಿದವರೊಬ್ಬರು ಕೇಳಿದರು: ಕೊನೆಗೆ ಏನು ಸಿಕ್ಕಿತು?
ನಾನು ತೊದಲಿದೆ.
'ವ್ಯತ್ಯಾಸ ಸಿಗಲಿಲ್ಲ ಸಾರ್' ಎಂದ ಅವನು,
'ಸಿಕ್ಕೇ ಬಿಟ್ಟಿತ್ತು, ಜುಂಗು ಬಿಡಿಸದೆ ಇದ್ದಿದ್ದರೆ.'

ಒಂದು ಉಳಿದುಹೋಯಿತು.
ಚಿಪ್ಪನ್ನಷ್ಟೇ ತೂಗಲು ಗೂಡನ್ನು ಬ್ಲೇಡಿನಲ್ಲಿ ಸೀಳಬೇಕು.
ತಸ್ಕೀನಳ ಕೈ ಸರಾಗ, ನನ್ನದು ಮೊದಲ ಸಲ.
ಕಂದು ಕೋಶವೊಂದು ಅಂಗೈಗೆ ಉರುಳಿ
ತುದಿಯನ್ನು ಆಕಡೆ ಈಕಡೆ ತಿರುಗಿಸಿತು,
ಬೇಡ ಬೇಡ ಅನ್ನುವವರ ಹಾಗೆ.
ತಸ್ಕೀನ್ ನನ್ನ ಮುಖ ನೋಡಿ
ಸುಮ್ಮನೆ ಬ್ಲೇಡು ಇಸಿದುಕೊಂಡಳು.

ತಟ್ಟೆ ಎರಡು, ಗೂಡು ಹದಿನೇಳು.
ಷರಾ ಕಾಲಮ್ಮಿನಲ್ಲಿ ಬರೆದೆ: ಮಿಸುಕಿತು.
ಇದು ಅಳತೆಯಲ್ಲ, ಅಂದರು ಮೇಡಂ, ಪೆನ್ನು ಚಾಚಿ.
ಹೌದು, ಅಲ್ಲ.
ಸ್ಕೇಲಿಟ್ಟು ಒಂದೇ ಗೆರೆ ಎಳೆದೆ.

ಓದಬಹುದು, ಈಗಲೂ.